ಡಾಕ್ಟರ್ ಮೇಲೆ ಕೇಸ್ ಹಾಕೋ ಮುಂಚೆ: ತಜ್ಞ ವೈದ್ಯರ ಸಮಿತಿ ಏನ್ ನೋಡುತ್ತೆ, ನೀವು ಏನೇನ್ ರೆಡಿ ಇಟ್ಕೋಬೇಕು

ವಿರಾಜಪೇಟೆಯಿಂದ ಕೇಳ್ತಾರೆ, ಸುಂಟಿಕೊಪ್ಪದಿಂದ ಕೇಳ್ತಾರೆ, ಮೊನ್ನೆ ಕುಶಾಲನಗರದಿಂದ ಒಬ್ರು ಅಕ್ಕ ಫೋನ್ ಮಾಡಿ ಅದನ್ನೇ ಕೇಳಿದ್ರು. "ಡಾಕ್ಟರ್ ಮೇಲೆ ಕೇಸ್ ಹಾಕ್ಬೇಕಂದ್ರೆ ಮೊದ್ಲು ಡಾಕ್ಟರ್‌ಗಳದ್ದೇ ಒಂದು ಕಮಿಟಿ ಕೂತು ತಪ್ಪಾಗಿದೆ ಅಂತ ಬರ್ಕೊಡ್ಬೇಕಂತೆ, ಹೌದಾ? ಅವ್ರು ಬರ್ಕೊಡ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತಾ?"

ನಾನು ವಕೀಲ ಅಲ್ಲ, ಡಾಕ್ಟರೂ ಅಲ್ಲ. ಊರಲ್ಲಿ ಜನಕ್ಕೆ ಅರ್ಜಿ ಬರ್ಕೊಡ್ತಾ, ಮಡಿಕೇರಿ ಆಫೀಸ್‌ಗಳಿಗೆ ಜೊತೆಗೆ ಹೋಗ್ತಾ ಕಲ್ತಿದ್ದು ಇದು. ಪ್ರತಿ ಸಲ ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋದಕ್ಕಿಂತ ಒಂದೇ ಕಡೆ ಬರೆದಿಡ್ತೀನಿ.

ಮೊದ್ಲು ಚಿಕ್ಕ ಉತ್ತರ. ಪೊಲೀಸ್ ಕೇಸ್ ಆದ್ರೆ ಸ್ವತಂತ್ರ ವೈದ್ಯರ ಅಭಿಪ್ರಾಯ ಬೇಕೇ ಬೇಕು. ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳೋದಾದ್ರೆ ಎಲ್ಲಾ ಕೇಸಿಗೂ ಬೇಕು ಅಂತ ಇಲ್ಲ. ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಟ್ರೆ ಅಲ್ಲಿ ಕೂತು ವಿಚಾರಿಸೋರೇ ಡಾಕ್ಟರ್‌ಗಳು. ಇವು ಮೂರು ಬೇರೆ ಬೇರೆ ಬಾಗಿಲು, ಒಂದರ ನಿಯಮ ಇನ್ನೊಂದಕ್ಕೆ ಹಚ್ಚೋದ್ರಿಂದಾನೇ ಅರ್ಧ ಗೊಂದಲ ಆಗೋದು. ಅಮೆರಿಕದ ಇಂಡಿಯಾನಾ, ಲೂಸಿಯಾನಾ ಥರದ ರಾಜ್ಯಗಳಲ್ಲಿ 1975ರಿಂದಾನೇ ಕಾನೂನು ಇದೆ, ಅಲ್ಲಿ ಮೂರು ಜನ ವೈದ್ಯಕೀಯ ತಜ್ಞರು, ಜೊತೆಗೆ ಮತ ಹಾಕದ ಒಬ್ಬ ವಕೀಲ, ಹೀಗೆ ಪ್ಯಾನೆಲ್ ಕೂತು ಅಭಿಪ್ರಾಯ ಕೊಟ್ಟ ಮೇಲೇನೇ ಸಾಮಾನ್ಯವಾಗಿ ಕೋರ್ಟಿಗೆ ಹೋಗೋದು. ಹೊರದೇಶದಲ್ಲಿರೋ ನೆಂಟರು ಅದನ್ನ ಹೇಳ್ತಾರೆ, ನೀವು ಇಲ್ಲೂ ಹಾಗೇ ಅಂದ್ಕೊಳ್ತೀರಿ. ನಮ್ಮಲ್ಲಿ ಹಾಗಿಲ್ಲ.

ಇನ್ನು ಒಂದೊಂದಾಗಿ ನೋಡೋಣ.

1. ಸಾವು ಆಗಿದ್ರೆ, ಮೊದಲ ಕೆಲವು ಗಂಟೆ

ಇದನ್ನ ಬರೆಯೋಕೆ ಕಷ್ಟ ಆಗುತ್ತೆ, ಆದ್ರೂ ಮೊದ್ಲು ಇದನ್ನೇ ಹೇಳ್ಬೇಕು. ಮನೆಯವರು ತೀರ್ಕೊಂಡಿದ್ದು ಚಿಕಿತ್ಸೆಯ ತಪ್ಪಿಂದ ಅಂತ ನಿಮಗೆ ಗಟ್ಟಿ ಅನುಮಾನ ಇದ್ರೆ ಪೋಸ್ಟ್‌ಮಾರ್ಟಮ್ ಮಾಡಿಸಿ. ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಮರಣೋತ್ತರ ಪರೀಕ್ಷೆ ಮಾಡಿಸಬೇಕು ಅಂತ ಅದರಲ್ಲೇ ಕೇಳಿ. ಆ ಹೊತ್ತಲ್ಲಿ ಯಾರಿಗೂ ಮನಸ್ಸು ಬರಲ್ಲ, ಹಿರಿಯರು "ಹೋದ ಜೀವ ಹೋಯ್ತು, ದೇಹ ಯಾಕೆ ಕೊಯ್ಯಿಸ್ತೀರಿ" ಅಂತಾರೆ, ಅದು ತಪ್ಪು ಅಂತಾನೂ ನಾನು ಹೇಳಲ್ಲ. ಆದ್ರೆ ಆಮೇಲೆ ತಜ್ಞರ ಸಮಿತಿ ಮುಂದೆ ಫೈಲ್ ಹೋದಾಗ "ಪೋಸ್ಟ್‌ಮಾರ್ಟಮ್ ಆಗಿಲ್ಲ, ಹಾಗಾಗಿ ಸಾವಿಗೆ ಕಾರಣ ಖಚಿತವಾಗಿ ಹೇಳೋಕಾಗಲ್ಲ" ಅನ್ನೋ ಒಂದೇ ಸಾಲಲ್ಲಿ ಎಲ್ಲಾ ನಿಂತು ಹೋಗಬಹುದು. ಹೂತ ಮೇಲೂ ಮ್ಯಾಜಿಸ್ಟ್ರೇಟ್ ಆದೇಶ ಪಡೆದು ಹೊರಗೆ ತೆಗೆದು ಪರೀಕ್ಷೆ ಮಾಡೋಕೆ ಅವಕಾಶ ಇದೆ, ಸುಟ್ಟ ಮೇಲೆ ಏನೂ ಉಳಿಯಲ್ಲ.

ಬಿಲ್ ಬಾಕಿ ಇದೆ ಅಂತ ಪ್ರೈವೇಟ್ ಆಸ್ಪತ್ರೆ ದೇಹ ಹಿಡಿದಿಟ್ಕೊಳ್ಳೋ ಹಾಗಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಅಂತ ಕರೆಯೋದು, 2007ರದ್ದು, ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿ ಇದೆ.

ಒಂದು ಎಚ್ಚರಿಕೆ. ಸಿಟ್ಟಲ್ಲಿ ಆಸ್ಪತ್ರೆಯಲ್ಲಿ ಗಲಾಟೆ, ಗಾಜು ಒಡೆಯೋದು, ಡಾಕ್ಟರ್ ಕಾಲರ್ ಹಿಡಿಯೋದು, ಯಾವುದೂ ಬೇಡ. 2009ರಲ್ಲಿ ರಾಜ್ಯ ಇದಕ್ಕೇ ಅಂತ ಪ್ರತ್ಯೇಕ ಕಾನೂನು ತಂದಿದೆ, ಜೈಲು ಶಿಕ್ಷೆ ಇದೆ. ದೂರು ಕೊಡಬೇಕಾಗಿದ್ದ ಮನೆಯವರೇ ಆರೋಪಿ ಆಗಿ ನಿಂತ್ರೆ, ಮುಂದೆ ರಾಜಿ ಮಾತು ಬಂದಾಗ "ನೀವು ನಿಮ್ಮದು ಬಿಡಿ, ನಾವು ನಮ್ಮದು ಬಿಡ್ತೀವಿ" ಅನ್ನೋ ಕಡೆಗೆ ತಿರುಗುತ್ತೆ. ವಾಟ್ಸಾಪ್‌ನಲ್ಲಿ ಡಾಕ್ಟರ್ ಫೋಟೋ ಹಾಕಿ "ಕೊಲೆಗಾರ" ಅಂತ ಬರೆಯೋದೂ ಬೇಡ, ಮಾನನಷ್ಟದ ನೋಟಿಸ್ ಬರುತ್ತೆ.

2. ದಾಖಲೆ ತಗೊಳ್ಳಿ, ಪೂರ್ತಿ ತಗೊಳ್ಳಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಓದ್ತೀನಿ ಅಂದ್ರೆ ಇದನ್ನ ಓದಿ. ತಜ್ಞರ ಸಮಿತಿ ನಿಮ್ಮ ಮನೆಗೆ ಬರಲ್ಲ, ಪೇಷಂಟನ್ನ ನೋಡದೇ ಇರೋದೂ ಉಂಟು. ಅವರು ನೋಡೋದು ಕಾಗದ. ಕಾಗದದಲ್ಲಿ ಇಲ್ಲದ್ದು ಅವರ ಲೆಕ್ಕದಲ್ಲಿ ನಡೆದೇ ಇಲ್ಲ.

ಎಷ್ಟೋ ಜನ ಡಿಸ್ಚಾರ್ಜ್ ಸಮ್ಮರಿ ಒಂದನ್ನ ಹಿಡ್ಕೊಂಡು ಬರ್ತಾರೆ. ಅದು ಆಸ್ಪತ್ರೆಯವರು ಕೊನೆಗೆ ಬರೆದ ಸಾರಾಂಶ ಅಷ್ಟೇ. ನಿಮಗೆ ಬೇಕಾಗಿರೋದು ಕೇಸ್ ಶೀಟ್, ಅಂದ್ರೆ ಅಡ್ಮಿಟ್ ಆದ ಗಂಟೆಯಿಂದ ಡಾಕ್ಟರ್ ಬರೆದ ಪ್ರತಿ ಟಿಪ್ಪಣಿ. ಅದರ ಜೊತೆ ನರ್ಸ್‌ಗಳ ನೋಟ್ಸ್ (ಯಾವ ಗಂಟೆಗೆ ಬಿಪಿ ಎಷ್ಟು, ಯಾವಾಗ ಡಾಕ್ಟರ್‌ಗೆ ಫೋನ್ ಮಾಡಿದ್ರು ಅನ್ನೋದು ಬಹಳ ಸಲ ಇದರಲ್ಲೇ ಸಿಗೋದು), ಔಷಧಿ ಕೊಟ್ಟ ಚಾರ್ಟ್, ಆಪರೇಷನ್ ಆಗಿದ್ರೆ ಆಪರೇಷನ್ ನೋಟ್ಸ್ ಮತ್ತೆ ಅನಸ್ತೇಶಿಯಾ ಚಾರ್ಟ್, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟ್, ಎಕ್ಸ್‌ರೇ ಫಿಲ್ಮ್, ಸ್ಕ್ಯಾನ್ ಸಿಡಿ, ಬೇರೆ ಆಸ್ಪತ್ರೆಗೆ ಕಳಿಸಿದಾಗ ಕೊಟ್ಟ ರೆಫರಲ್ ಚೀಟಿ, ಎಲ್ಲಾ ಬಿಲ್ಲು. ಮೆಡಿಕಲ್ ಶಾಪ್ ಬಿಲ್ಲನ್ನೂ ಬಿಸಾಡಬೇಡಿ, ಯಾವ ದಿನ ಯಾವ ಇಂಜೆಕ್ಷನ್ ತರಿಸಿದ್ರು ಅನ್ನೋದಕ್ಕೆ ಅದೇ ಸಾಕ್ಷಿ ಆಗಬಹುದು.

ಕೇಳೋದು ಹೇಗೆ? ಬಿಳಿ ಹಾಳೆಯಲ್ಲಿ ಪೇಷಂಟ್ ಹೆಸರು, ಒಳರೋಗಿ ನಂಬರ್, ದಿನಾಂಕ ಬರೆದು "ಎಲ್ಲಾ ವೈದ್ಯಕೀಯ ದಾಖಲೆಗಳ ದೃಢೀಕೃತ ನಕಲು ಕೊಡಿ" ಅಂತ ಅರ್ಜಿ ಕೊಡಿ, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದ್ರೆ ಅದನ್ನೇ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ವೈದ್ಯರ ವೃತ್ತಿ ನಡವಳಿಕೆ ಬಗ್ಗೆ 2002ರ ನಿಯಮ ಇದೆ, ಅದರ ಪ್ರಕಾರ ಒಳರೋಗಿ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಕೊಂಡಿರಬೇಕು, ಕೇಳಿದ್ರೆ 72 ಗಂಟೆ ಒಳಗೆ ಕೊಡಬೇಕು. ಅರ್ಜಿಯಲ್ಲಿ ಈ 72 ಗಂಟೆ ಅನ್ನೋ ಮಾತು ಬರೆದ್ರೆ ಕೌಂಟರ್‌ನಲ್ಲಿ ಕೂತಿರೋರ ಧಾಟಿ ಬದಲಾಗೋದನ್ನ ನಾನು ನೋಡಿದೀನಿ. ಸರ್ಕಾರಿ ಆಸ್ಪತ್ರೆ ಆದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲೂ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಕೊಡಲೇ ಇಲ್ಲ ಅಂದ್ರೂ ಎದೆಗುಂದಬೇಡಿ. ಕೇಳಿದ್ದಕ್ಕೆ ನಿಮ್ಮ ಹತ್ರ ರಸೀದಿ ಇದೆ ಅಲ್ವಾ, ಕೊಡದೇ ಇದ್ದದ್ದೇ ಒಂದು ಅಂಶ ಆಗುತ್ತೆ, ಆಯೋಗವೇ ತರಿಸ್ಕೊಳ್ಳೋಕೂ ಆಗುತ್ತೆ.

ಇಲ್ಲಿ ಜನ ಮಾಡೋ ದೊಡ್ಡ ತಪ್ಪು ಏನಂದ್ರೆ ಮೊದ್ಲು ಜಗಳ ಆಡಿ, "ನೋಡ್ಕೋತೀನಿ, ಕೋರ್ಟಿಗೆ ಎಳೀತೀನಿ" ಅಂತ ಹೇಳಿ ಬಂದು, ಹದಿನೈದು ದಿನ ಆದ್ಮೇಲೆ ದಾಖಲೆ ಕೇಳೋಕೆ ಹೋಗೋದು. ಮೊದ್ಲು ದಾಖಲೆ ಕೈಗೆ ಬರಲಿ. ಮಾತು ಆಮೇಲೆ.

3. ಒಂದು ಹಾಳೆಯ ಕಾಲಾನುಕ್ರಮ

ಏನು ಯಾವಾಗ ಆಯ್ತು ಅನ್ನೋದನ್ನ ದಿನಾಂಕ, ಗಂಟೆ ಹಾಕಿ ಒಂದೇ ಹಾಳೆಯಲ್ಲಿ ಬರೀರಿ. ಬೈಗುಳ ಬೇಡ, ಅಭಿಪ್ರಾಯ ಬೇಡ. "ಸೋಮವಾರ ಬೆಳಿಗ್ಗೆ 9ಕ್ಕೆ ಹೊಟ್ಟೆನೋವು ಅಂತ ಹೋದ್ವಿ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಮಂಗಳವಾರ ಜ್ವರ, ಮತ್ತೆ ಹೋದ್ವಿ, ಸ್ಕ್ಯಾನ್ ಮಾಡಲಿಲ್ಲ, ಬುಧವಾರ ರಾತ್ರಿ 11ಕ್ಕೆ ಮೈಸೂರಿಗೆ ಕಳಿಸಿದ್ರು, ಅಲ್ಲಿ ಅಪೆಂಡಿಕ್ಸ್ ಒಡೆದಿದೆ ಅಂದ್ರು." ಇಷ್ಟು ಸಾಕು. ಪ್ರತಿ ಸಾಲಿನ ಮುಂದೆ ಯಾವ ದಾಖಲೆಯ ಎಷ್ಟನೇ ಪುಟ ಅಂತ ನಂಬರ್ ಹಾಕಿ. ನೆನಪು ಹಸಿಯಾಗಿದ್ದಾಗಲೇ ಇದನ್ನ ಮಾಡಿ, ಜೊತೆಗಿದ್ದವರನ್ನೂ ಕೂರಿಸ್ಕೊಳ್ಳಿ. ಫೋನಲ್ಲಿರೋ ಕಾಲ್ ಲಿಸ್ಟ್, ಆಂಬ್ಯುಲೆನ್ಸ್‌ಗೆ ಕರೆ ಮಾಡಿದ ಟೈಮು, ಇವೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ.

ನಮ್ಮ ಜಿಲ್ಲೆ ಕೇಸ್‌ಗಳಲ್ಲಿ ಈ ಗಂಟೆ ಲೆಕ್ಕ ಇನ್ನೂ ಮುಖ್ಯ. ದೊಡ್ಡ ಚಿಕಿತ್ಸೆ ಅಂದ್ರೆ ಮೈಸೂರು ಇಲ್ಲ ಮಂಗಳೂರು, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. "ಕಳಿಸಿದ್ದು ತಡ ಆಯ್ತು" ಅನ್ನೋದೇ ನಿಮ್ಮ ದೂರಾಗಿದ್ರೆ, ಯಾವಾಗ ಕಳಿಸಬೇಕು ಅಂತ ಗೊತ್ತಾಯ್ತು, ಯಾವಾಗ ಕಳಿಸಿದ್ರು, ದಾರಿಯಲ್ಲಿ ಎಷ್ಟು ಹೊತ್ತು ಹೋಯ್ತು, ಈ ಮೂರನ್ನೂ ಬೇರೆ ಬೇರೆ ತೋರಿಸಬೇಕು. ಇಲ್ದಿದ್ರೆ ಘಾಟಿಯಲ್ಲಿ ಹೋದ ಗಂಟೆ, ಆಸ್ಪತ್ರೆಯಲ್ಲಿ ಹೋದ ಗಂಟೆ ಎರಡೂ ಕಲಸಿ ಹೋಗುತ್ತೆ.

4. ಬೇರೆ ಡಾಕ್ಟರ್ ಹತ್ರ ತೋರಿಸಿ

ಸಮಿತಿಗೆ ಹೋಗೋ ಮುಂಚೆ ನೀವೇ ಒಬ್ರು ಡಾಕ್ಟರ್ ಹತ್ರ ಫೈಲ್ ಓದಿಸಿ. ಜಿಲ್ಲೆ ಚಿಕ್ಕದು, ಇಲ್ಲಿನ ಡಾಕ್ಟರ್‌ಗಳಿಗೆ ಒಬ್ರಿಗೊಬ್ರು ಪರಿಚಯ, ಹಾಗಾಗಿ ಹೊರಗಿನವರು ಒಳ್ಳೇದು. ಅದೇ ವಿಭಾಗದವರಾಗಿರಬೇಕು, ಹೆರಿಗೆ ಕೇಸಿಗೆ ಪ್ರಸೂತಿ ತಜ್ಞರು, ಮೂಳೆ ಕೇಸಿಗೆ ಮೂಳೆ ತಜ್ಞರು. ಹೋಗಿ ಕೂತ ಕೂಡ್ಲೇ "ಅವರ ವಿರುದ್ಧ ಬರ್ಕೊಡಿ" ಅಂದ್ರೆ ಯಾರೂ ಬರೆಯಲ್ಲ. "ಈ ದಾಖಲೆ ಓದಿ, ಚಿಕಿತ್ಸೆ ಸರಿಯಾಗಿತ್ತಾ ಅಂತ ಹೇಳಿ, ಫೀಸ್ ಕೊಡ್ತೀನಿ" ಅಂತ ಕೇಳಿ. ಒಮ್ಮೊಮ್ಮೆ ಅವ್ರು "ಇದರಲ್ಲಿ ತಪ್ಪಿಲ್ಲ, ಇಷ್ಟು ಕಷ್ಟದ ಕಾಯಿಲೆಯಲ್ಲಿ ಹೀಗಾಗಬಹುದು" ಅಂತಾರೆ. ದಯವಿಟ್ಟು ಅದನ್ನೂ ಕೇಳಿಸ್ಕೊಳ್ಳಿ. ಕೆಟ್ಟ ಫಲಿತಾಂಶ ಬೇರೆ, ನಿರ್ಲಕ್ಷ್ಯ ಬೇರೆ, ಇದು ಮೊದಲೇ ಗೊತ್ತಾದ್ರೆ ನಾಲ್ಕೈದು ವರ್ಷದ ಓಡಾಟ ಉಳಿಯುತ್ತೆ.

ಬರ್ಕೊಡೋಕೆ ಯಾರೂ ಸಿಗದಿದ್ರೆ, ಆಮೇಲೆ ಚಿಕಿತ್ಸೆ ಕೊಟ್ಟ ಎರಡನೇ ಆಸ್ಪತ್ರೆಯ ದಾಖಲೆ ಗಮನ ಇಟ್ಟು ನೋಡಿ. ಅವರು ಅಡ್ಮಿಟ್ ಮಾಡ್ಕೊಂಡಾಗ ಪೇಷಂಟ್ ಸ್ಥಿತಿ ಹೇಗಿತ್ತು, ಆಪರೇಷನ್ ಮಾಡಿದಾಗ ಒಳಗೆ ಏನ್ ಸಿಕ್ತು ಅಂತ ಬರೆದಿರ್ತಾರೆ. ಯಾರ ವಿರುದ್ಧಾನೂ ಅಲ್ಲದೆ ಬರೆದ ಆ ಎರಡು ಸಾಲು ಕೆಲವು ಸಲ ಇಡೀ ಕೇಸನ್ನ ಹೊತ್ತು ನಿಲ್ಲಿಸುತ್ತೆ.

5. ಯಾವ ಬಾಗಿಲು ಅಂತ ತೀರ್ಮಾನ ಮಾಡಿ

ನಿಮಗೆ ಬೇಕಾಗಿರೋದು ಏನು? ಹಣದ ಪರಿಹಾರಾನಾ, ಡಾಕ್ಟರ್‌ಗೆ ಶಿಕ್ಷೆನಾ, ಲೈಸೆನ್ಸ್ ಮೇಲೆ ಕ್ರಮಾನಾ? ಒಂದೇ ಸಲ ಮೂರು ಕಡೆ ಹೋಗೋಕೆ ಅಡ್ಡಿ ಇಲ್ಲ, ಆದ್ರೆ ಪ್ರತಿಯೊಂದಕ್ಕೂ ಬೇಕಾದ ಸಾಕ್ಷಿಯ ತೂಕ ಬೇರೆ.

ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇನ್ಶೂರೆನ್ಸ್ ಕಂಪನಿ ದುಡ್ಡು ಕಟ್ಟಿದ್ರೂ ನೀವು ಗ್ರಾಹಕರೇ. ಎಲ್ಲರಿಗೂ ಪೂರ್ತಿ ಉಚಿತ ಇರೋ ಸರ್ಕಾರಿ ಆಸ್ಪತ್ರೆ ಮಾತ್ರ ಇದರೊಳಗೆ ಬರಲ್ಲ, ಅಂಥ ಕೇಸಿಗೆ ಸಿವಿಲ್ ಕೋರ್ಟು, ಪೊಲೀಸು, ಮೆಡಿಕಲ್ ಕೌನ್ಸಿಲ್ ದಾರಿ ನೋಡ್ಬೇಕು. ಜಿಲ್ಲಾ ಆಯೋಗ ಮಡಿಕೇರಿಯಲ್ಲೇ ಇದೆ. 2019ರ ಹೊಸ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಾಗದಲ್ಲೇ ದೂರು ಹಾಕಬಹುದು, ಅಂದ್ರೆ ಆಪರೇಷನ್ ಆಗಿದ್ದು ಮೈಸೂರಲ್ಲೋ ಮಂಗಳೂರಲ್ಲೋ ಆದ್ರೂ ಪೊನ್ನಂಪೇಟೆಯಲ್ಲಿ ಮನೆ ಇರೋರು ಮಡಿಕೇರಿಯಲ್ಲೇ ಹಾಕಬಹುದು. ಇದು ಗೊತ್ತಿಲ್ದೆ ಎಷ್ಟೋ ಜನ ಮೈಸೂರಿಗೆ ಅಲೆದಿದ್ದಾರೆ. ಯಾವ ಆಯೋಗ ಅನ್ನೋದು ತೀರ್ಮಾನ ಆಗೋದು ನೀವು ಕೊಟ್ಟ ದುಡ್ಡಿನ ಮೇಲೆ, ಕೇಳೋ ಪರಿಹಾರದ ಮೇಲಲ್ಲ. ಕೊಟ್ಟದ್ದು 50 ಲಕ್ಷದ ಒಳಗಿದ್ರೆ ಜಿಲ್ಲಾ ಆಯೋಗ. 5 ಲಕ್ಷದ ತನಕ ಕೊಟ್ಟಿದ್ರೆ ದೂರಿಗೆ ಶುಲ್ಕವೇ ಇಲ್ಲ.

ಈಗ ಸಮಿತಿ ವಿಷಯ. 2009ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು, ಮಾರ್ಟಿನ್ ಡಿಸೋಜಾ ಕೇಸು, ಗ್ರಾಹಕರ ಆಯೋಗ ಡಾಕ್ಟರ್‌ಗೆ ನೋಟಿಸ್ ಕಳಿಸೋ ಮುಂಚೆ ತಜ್ಞ ವೈದ್ಯರಿಗೋ ವೈದ್ಯರ ಸಮಿತಿಗೋ ಕಳಿಸಿ ಅಭಿಪ್ರಾಯ ತಗೋಬೇಕು ಅಂತ ಹೇಳ್ತು. ಜನ ಇವತ್ತಿಗೂ ಹೇಳೋದು ಅದನ್ನೇ. ಆದ್ರೆ ಮಾರನೇ ವರ್ಷ, 2010ರಲ್ಲಿ, ಕಿಶನ್ ರಾವ್ ಕೇಸಲ್ಲಿ ಅದೇ ಸುಪ್ರೀಂ ಕೋರ್ಟ್ "ಎಲ್ಲಾ ಕೇಸಿಗೂ ತಜ್ಞರ ಅಭಿಪ್ರಾಯ ಬೇಕು ಅನ್ನೋದು ಸರಿಯಲ್ಲ, ಬೇಕಾ ಬೇಡ್ವಾ ಅಂತ ಆಯೋಗ ಆಯಾ ಕೇಸು ನೋಡಿ ತೀರ್ಮಾನಿಸಲಿ" ಅಂತ ಹೇಳ್ತು. ಆ ಕೇಸು ತುಂಬಾ ಸರಳ. ಹೆಂಡತಿಗೆ ಮಲೇರಿಯಾ, ಹೈದರಾಬಾದ್‌ನ ಆಸ್ಪತ್ರೆ ಟೈಫಾಯ್ಡ್‌ಗೆ ಔಷಧಿ ಕೊಡ್ತಾ ಹೋಯ್ತು, ಗಂಡ ಮಲೇರಿಯಾ ಇಲಾಖೆಯಲ್ಲೇ ಅಧಿಕಾರಿ. ಜಿಲ್ಲಾ ವೇದಿಕೆ (ಈಗಿನ ಜಿಲ್ಲಾ ಆಯೋಗಕ್ಕೆ ಆಗಿದ್ದ ಹೆಸರು) 2 ಲಕ್ಷ ಪರಿಹಾರ ಕೊಟ್ಟಿತ್ತು, ರಾಜ್ಯ ಆಯೋಗ ತಜ್ಞರ ಸಾಕ್ಷಿ ಇಲ್ಲ ಅಂತ ತೆಗೆದುಹಾಕಿತ್ತು, ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆ ಆದೇಶವನ್ನೇ ಎತ್ತಿಹಿಡೀತು. ಹೊಟ್ಟೆಯಲ್ಲಿ ಕತ್ತರಿ ಬಿಟ್ಟಿದ್ದು, ಎಡಗಾಲಿನ ಬದಲು ಬಲಗಾಲು ಕೊಯ್ದಿದ್ದು, ಇಂಥವಕ್ಕೆ ಸಂಗತಿಯೇ ಮಾತಾಡುತ್ತೆ, ಸಮಿತಿ ಬೇಕಿಲ್ಲ. ಔಷಧಿ ಡೋಸು, ಆಪರೇಷನ್ ವಿಧಾನ, ಯಾವ ಹೊತ್ತಿಗೆ ಏನ್ ಮಾಡ್ಬೇಕಿತ್ತು ಅನ್ನೋ ಸೂಕ್ಷ್ಮದ ಪ್ರಶ್ನೆ ಬಂದಾಗ ಮಾತ್ರ ಬೇಕಾಗುತ್ತೆ.

ಪೊಲೀಸ್. ಇಲ್ಲಿ ಮಾನದಂಡ ಬಹಳ ಮೇಲಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳೋದು ಏನಂದ್ರೆ, ಕ್ರಿಮಿನಲ್ ಕೇಸಿಗೆ ಸಾಧಾರಣ ನಿರ್ಲಕ್ಷ್ಯ ಸಾಲಲ್ಲ, ಯಾವ ಡಾಕ್ಟರೂ ಮಾಡಲಾರದಂಥ ಗಂಭೀರ ನಿರ್ಲಕ್ಷ್ಯ ಇರಬೇಕು. ತನಿಖಾಧಿಕಾರಿ ಡಾಕ್ಟರ್ ಮೇಲೆ ಮುಂದುವರಿಯೋ ಮುಂಚೆ ಸ್ವತಂತ್ರವಾದ, ಆ ವಿಭಾಗದಲ್ಲಿ ಅರ್ಹತೆ ಇರೋ ವೈದ್ಯರ ಅಭಿಪ್ರಾಯ ತಗೋಬೇಕು, ಆದಷ್ಟೂ ಸರ್ಕಾರಿ ಸೇವೆಯಲ್ಲಿರೋರು. ನೀವೇ ಕೋರ್ಟಲ್ಲಿ ಖಾಸಗಿ ದೂರು ಹಾಕೋದಾದ್ರೂ ಇನ್ನೊಬ್ರು ಡಾಕ್ಟರ್‌ದು ನಂಬಬಹುದಾದ ಅಭಿಪ್ರಾಯ ಜೊತೆಗಿರಬೇಕು. ದೂರು ಬಂತು ಅಂತ ಡಾಕ್ಟರನ್ನ ಮಾಮೂಲಿಯಾಗಿ ಅರೆಸ್ಟ್ ಮಾಡೋ ಹಾಗೂ ಇಲ್ಲ. ಠಾಣೆಯಲ್ಲಿ ಎಫ್‌ಐಆರ್ ಮುಂಚೆ ಪ್ರಾಥಮಿಕ ವಿಚಾರಣೆ ಮಾಡ್ತೀವಿ ಅಂದ್ರೆ ಅದು ನಿಮ್ಮನ್ನ ಸಾಗಹಾಕೋದು ಅಂತಾನೇ ಅಲ್ಲ, ವೈದ್ಯಕೀಯ ನಿರ್ಲಕ್ಷ್ಯದ ದೂರಲ್ಲಿ ಹಾಗೆ ಮಾಡಬಹುದು ಅಂತ 2013ರ ಲಲಿತಾ ಕುಮಾರಿ ತೀರ್ಪಲ್ಲೇ ಇದೆ. ಸಾವಿನ ಕೇಸು ಸಾಬೀತಾದ್ರೆ ಈಗಿನ ಭಾರತೀಯ ನ್ಯಾಯ ಸಂಹಿತೆ 106ನೇ ಸೆಕ್ಷನ್ನಲ್ಲಿ ವೈದ್ಯರಿಗೆ ಹೆಚ್ಚೆಂದರೆ 2 ವರ್ಷ ಜೈಲು, ದಂಡ.

ಮೆಡಿಕಲ್ ಕೌನ್ಸಿಲ್. ಕರ್ನಾಟಕ ವೈದ್ಯಕೀಯ ಪರಿಷತ್ತು ಬೆಂಗಳೂರಲ್ಲಿದೆ. ಎಚ್ಚರಿಕೆ ಕೊಡೋದು, ಕೆಲವು ಕಾಲ ಹೆಸರನ್ನ ರಿಜಿಸ್ಟರ್‌ನಿಂದ ತೆಗೆಯೋದು, ಇದು ಅವರ ಕೈಲಿದೆ. ಪರಿಹಾರದ ದುಡ್ಡು ಅಲ್ಲಿ ಸಿಗಲ್ಲ. ಕುಟ್ಟ, ವಿರಾಜಪೇಟೆ ಕಡೆಯವರು ಕೇರಳದ ಆಸ್ಪತ್ರೆಗೆ ಹೋಗೋದು ಜಾಸ್ತಿ, ಅಲ್ಲಿ ರಿಜಿಸ್ಟರ್ ಆಗಿರೋ ಡಾಕ್ಟರ್ ಆದ್ರೆ ದೂರು ಕೇರಳದ ಕೌನ್ಸಿಲ್‌ಗೆ ಹೋಗಬೇಕು. ಅಲ್ಲಿ ಪೊಲೀಸ್ ಕೇಸ್ ಆದ್ರೆ ಜಿಲ್ಲಾ ಮಟ್ಟದಲ್ಲಿ ಮೆಡಿಕಲ್ ಬೋರ್ಡ್, ಅದರ ಮೇಲೆ ರಾಜ್ಯ ಮಟ್ಟದ ಅಪೆಕ್ಸ್ ಬೋರ್ಡ್ ಅಂತ ಎರಡು ಹಂತ ಇದೆ.

ಆಸ್ಪತ್ರೆಯ ವ್ಯವಸ್ಥೆ ಬಗ್ಗೆ, ರಿಜಿಸ್ಟ್ರೇಷನ್ ಬಗ್ಗೆ, ದರದ ಬಗ್ಗೆ ದೂರಿದ್ರೆ ಕೆಪಿಎಂಇ ಪ್ರಾಧಿಕಾರ, ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅಂದ್ರೆ ಡಿಎಚ್‌ಓ ಸದಸ್ಯ ಕಾರ್ಯದರ್ಶಿ.

6. ಸಮಿತಿ ಅಂದ್ರೆ ಯಾರು, ಏನ್ ನೋಡ್ತಾರೆ

ಸಾಮಾನ್ಯವಾಗಿ ಪೊಲೀಸರೋ ಆಯೋಗವೋ ಡಿಎಚ್‌ಓಗೋ ಸರ್ಕಾರಿ ಮೆಡಿಕಲ್ ಕಾಲೇಜಿಗೋ ಪತ್ರ ಬರೀತಾರೆ. ಅಲ್ಲಿಂದ ಆ ವಿಭಾಗದ ತಜ್ಞರು, ಬೇಕಾದ್ರೆ ಅನಸ್ತೇಶಿಯಾದವರು, ಸಾವಿನ ಕೇಸಲ್ಲಿ ಫೊರೆನ್ಸಿಕ್‌ನವರು ಸೇರಿ ಕೂರ್ತಾರೆ.

ಅವ್ರು ತಮ್ಮಲ್ಲೇ ಕೇಳ್ಕೊಳ್ಳೋ ಪ್ರಶ್ನೆ ಹೀಗಿರುತ್ತೆ. ಆ ಡಾಕ್ಟರ್‌ಗೆ ಈ ಪೇಷಂಟ್ ಬಗ್ಗೆ ಜವಾಬ್ದಾರಿ ಇತ್ತಾ? ಅದೇ ಓದು, ಅದೇ ಅನುಭವ ಇರೋ ಸಾಧಾರಣ ಡಾಕ್ಟರ್ ಅಂಥ ಪರಿಸ್ಥಿತಿಯಲ್ಲಿ ಏನ್ ಮಾಡ್ತಿದ್ರು, ಇವ್ರು ಅದನ್ನ ಮಾಡಿದ್ರಾ? ಮಾಡದೇ ಇದ್ದದ್ದರಿಂದಾನೇ ಈ ಹಾನಿ ಆಯ್ತಾ? ಎರಡನೇ ಪ್ರಶ್ನೆಗೆ ಬೋಲಮ್ ಪರೀಕ್ಷೆ ಅಂತ ಹೆಸರು, 1957ರ ಇಂಗ್ಲೆಂಡಿನ ಒಂದು ಕೇಸಿಂದ ಬಂದದ್ದು. ಇದರ ಅರ್ಥ ಚೆನ್ನಾಗಿ ತಿಳ್ಕೊಳ್ಳಿ. ಬೆಂಗಳೂರಿನ ಅತಿ ದೊಡ್ಡ ತಜ್ಞರು ಏನ್ ಮಾಡ್ತಿದ್ರು ಅಂತ ಅಲ್ಲ ಕೇಳೋದು. ತಾಲೂಕು ಮಟ್ಟದ ನರ್ಸಿಂಗ್ ಹೋಮಲ್ಲಿ, ಇದ್ದ ಸೌಲಭ್ಯದಲ್ಲಿ, ಅದೇ ಅರ್ಹತೆಯ ಡಾಕ್ಟರ್ ಏನ್ ಮಾಡ್ಬೇಕಿತ್ತು ಅಂತ. ಸೌಲಭ್ಯ ಇಲ್ಲ ಅಂದ್ರೆ ಬೇಗ ದೊಡ್ಡ ಆಸ್ಪತ್ರೆಗೆ ಕಳಿಸೋದೂ ಆ "ಮಾಡ್ಬೇಕಿತ್ತು" ಒಳಗೇ ಬರುತ್ತೆ, ನಮ್ಮ ಕಡೆ ಬಹಳ ಕೇಸು ನಿಲ್ಲೋದು ಇಲ್ಲೇ.

ಮೂರನೇ ಪ್ರಶ್ನೆಯಲ್ಲಿ ಬಹಳ ಜನ ಸೋಲ್ತಾರೆ. ಡಾಕ್ಟರ್ ತಪ್ಪು ಮಾಡಿದ್ದು ನಿಜ, ಆದ್ರೆ ಆ ತಪ್ಪಿಲ್ದಿದ್ರೂ ಪೇಷಂಟ್ ಉಳೀತಿರಲಿಲ್ಲ ಅಂತ ಸಮಿತಿ ಬರೆದ್ರೆ ಕೇಸ್ ದುರ್ಬಲ ಆಗುತ್ತೆ. ಕಾಲಾನುಕ್ರಮದ ಹಾಳೆ ಕೆಲಸಕ್ಕೆ ಬರೋದು ಆಗ.

ಒಪ್ಪಿಗೆ ಪತ್ರದ ವಿಷಯ ಬೇರೇನೇ ನೋಡ್ತಾರೆ. 2008ರಲ್ಲಿ ಸಮೀರಾ ಕೊಹ್ಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪರೀಕ್ಷೆಗೆ ಅಂತ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಒಪ್ಪಿಗೆ ಆಗಲ್ಲ, ಜೀವಕ್ಕೆ ತುರ್ತು ಅಪಾಯ ಇದ್ದಾಗ ಮಾತ್ರ ವಿನಾಯಿತಿ. ಹಾಗಾಗಿ ನೀವು ಸಹಿ ಹಾಕಿದ್ದು ಯಾವ ಆಪರೇಷನ್‌ಗೆ, ಆಗ ಫಾರ್ಮ್ ಖಾಲಿ ಇತ್ತಾ, ಓದಿ ಹೇಳಿದ್ರಾ, ಯಾವ ಭಾಷೆಯಲ್ಲಿತ್ತು, ಇದನ್ನೆಲ್ಲ ನೆನಪಿಟ್ಟು ಬರೀರಿ. ತೋಟದ ಲೈನ್ ಮನೆಯಲ್ಲಿರೋ ಕಾರ್ಮಿಕರಿಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡಿದ್ರೆ ಅದನ್ನ ಖಂಡಿತ ಬರೀರಿ.

7. ಸಮಿತಿಗೆ ಹೋಗೋ ಪತ್ರದಲ್ಲಿ ನಿಮ್ಮ ಪ್ರಶ್ನೆ ಇರಲಿ

ಪೊಲೀಸರು ಒಂದು ಸಾಲಿನ ಪತ್ರ ಬರೆದು ಕಳಿಸಿಬಿಟ್ರೆ, "ನಿರ್ಲಕ್ಷ್ಯ ಆಗಿದೆಯಾ" ಅಂತ, ಉತ್ತರಾನೂ ಒಂದು ಸಾಲಲ್ಲಿ ಬರುತ್ತೆ: "ನಿರ್ಲಕ್ಷ್ಯ ಕಂಡುಬಂದಿಲ್ಲ." ಹಾಗಾಗದ ಹಾಗೆ ತನಿಖಾಧಿಕಾರಿಗೆ ನೀವೇ ಒಂದು ಮನವಿ ಕೊಡಿ, ಈ ಪ್ರಶ್ನೆಗಳನ್ನ ಸಮಿತಿ ಮುಂದೆ ಇಡಿ ಅಂತ. ಮೇಲಿನ ಅಪೆಂಡಿಕ್ಸ್ ಉದಾಹರಣೆಯನ್ನೇ ತಗೊಳ್ಳಿ. ಹೊಟ್ಟೆನೋವಿನ ಜೊತೆ ಜ್ವರ ಬಂದ ಎರಡನೇ ದಿನ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಬೇಕಿತ್ತಾ? ಕೇಸ್ ಶೀಟಲ್ಲಿ ಹೊಟ್ಟೆ ಮುಟ್ಟಿ ಪರೀಕ್ಷೆ ಮಾಡಿದ್ದಕ್ಕೆ ಟಿಪ್ಪಣಿ ಇದೆಯಾ? ಯಾವ ಹೊತ್ತಿಗೆ ಸರ್ಜನ್ ಹತ್ರ ಕಳಿಸಬೇಕಿತ್ತು? ಮಂಗಳವಾರವೇ ಕಳಿಸಿದ್ರೆ ಫಲಿತಾಂಶ ಬೇರೆ ಆಗ್ತಿತ್ತಾ? ಇಂಥ ಪ್ರಶ್ನೆಗೆ ಒಂದೊಂದಕ್ಕೂ ಉತ್ತರ ಬರೀಲೇಬೇಕಾಗುತ್ತೆ, ಉತ್ತರ ಬರೆದ್ರೆ ಕಾರಣ ಬರೀಬೇಕಾಗುತ್ತೆ.

ಅದೇ ಮನವಿಯಲ್ಲಿ ಇನ್ನೆರಡು ಕೇಳ್ಕೊಳ್ಳಿ. ಆ ವಿಭಾಗದ ತಜ್ಞರೇ ಸಮಿತಿಯಲ್ಲಿರಲಿ. ಆರೋಪ ಇರೋ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು, ಅಲ್ಲಿ ಈಗಲೂ ವಿಸಿಟ್ ಹೋಗೋರು ಇರದಿರಲಿ, ಸಾಧ್ಯ ಇದ್ರೆ ಜಿಲ್ಲೆಯ ಹೊರಗಿನ ಸರ್ಕಾರಿ ಕಾಲೇಜಿಗೆ ಕಳಿಸಲಿ. ಪಕ್ಷಪಾತ ಇಲ್ಲದ ಅಭಿಪ್ರಾಯ ಅನ್ನೋ ಮಾತು 2005ರ ತೀರ್ಪಲ್ಲೇ ಇದೆ, ಅದನ್ನ ಬರೆದೇ ಕೇಳಿ. ಇದು ಇಲ್ಲಿನ ಡಾಕ್ಟರ್‌ಗಳ ಮೇಲೆ ಅಪನಂಬಿಕೆ ಅಂತ ಅಲ್ಲ, ಅವರಿಗೂ ಪರಿಚಯದವರ ಬಗ್ಗೆ ಬರೀಬೇಕಾದ ಸಂಕಟ ತಪ್ಪುತ್ತೆ.

ಸಮಿತಿ ನಿಮ್ಮನ್ನ ಕರೆದ್ರೆ ಹೋಗಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಮೊದ್ಲೇ ಇದ್ದ ಶುಗರ್, ಕುಡಿತ, ಮಾತ್ರೆ ಬಿಟ್ಟಿದ್ದು, ಇದನ್ನ ಮುಚ್ಚಿಡಬೇಡಿ, ಕೇಸ್ ಶೀಟಲ್ಲಿ ಅದು ಇರುತ್ತೆ, ನೀವು ಇಲ್ಲ ಅಂದ್ರೆ ಉಳಿದ ಮಾತೂ ನಂಬಲ್ಲ.

8. ಎರಡು ವರ್ಷ, ಇದನ್ನ ಮರೀಬೇಡಿ

ಸಮಿತಿ ರಿಪೋರ್ಟ್ ಬರಲಿ ಅಂತ ಕಾಯ್ತಾ ಕೂತು ಗ್ರಾಹಕರ ಕೇಸ್ ಕಳ್ಕೊಂಡವರನ್ನ ನೋಡಿ ಹೊಟ್ಟೆ ಉರಿದಿದೆ. ಆಯೋಗಕ್ಕೆ ದೂರು ಹಾಕೋಕೆ 2 ವರ್ಷ ಅಷ್ಟೇ. ಪೊಲೀಸ್ ತನಿಖೆ ನಡೀತಿದೆ, ಕೌನ್ಸಿಲ್‌ನಲ್ಲಿ ವಿಚಾರಣೆ ಇದೆ ಅಂತ ಈ ಗಡಿಯಾರ ನಿಲ್ಲಲ್ಲ. ತಡ ಆದ್ರೆ ಸಕಾರಣ ತೋರಿಸಿ ಮನ್ನಿಸಿ ಅಂತ ಕೇಳ್ಕೊಳ್ಳೋಕೆ ಆಗುತ್ತೆ, ಒಪ್ತಾರೆ ಅಂತ ಗ್ಯಾರಂಟಿ ಇಲ್ಲ.

"ತಪ್ಪು ಗೊತ್ತಾಗಿದ್ದೇ ಆಮೇಲೆ" ಅನ್ನೋ ಕೇಸೂ ಇರುತ್ತೆ. ಗೊತ್ತಾದ ದಿನದಿಂದ ಲೆಕ್ಕ ಹಿಡಿಯೋಕೆ ಆಗುತ್ತೆ, ಆದ್ರೆ ಅದಕ್ಕೂ ಮಿತಿ ಇದೆ. 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಕೇಸಲ್ಲಿ, 1993ರ ಗಾಲ್ ಬ್ಲಾಡರ್ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ಬಿಟ್ಟ ಗಾಜ್ ಬಟ್ಟೆ 2002ರಲ್ಲಿ ಸಿಕ್ತು. ಅಷ್ಟು ವರ್ಷ ನೋವು ಇದ್ದೂ ಆ ಡಾಕ್ಟರ್ ಹತ್ರ ಹೋಗಿ ಕೇಳಲಿಲ್ಲ, ಪರೀಕ್ಷೆ ಮಾಡಿಸ್ಕೊಳ್ಳಲಿಲ್ಲ ಅಂತ ಕೋರ್ಟ್ ದೂರನ್ನ ಅವಧಿ ಮೀರಿದ್ದು ಅಂತ ವಜಾ ಮಾಡ್ತು. ಆಪರೇಷನ್ ಆದ್ಮೇಲೆ ನೋವು ನಿಲ್ತಿಲ್ಲ ಅಂದ್ರೆ ಮಾತ್ರೆ ನುಂಗಿ ಸುಮ್ನಿರಬೇಡಿ, ಹೋಗಿ ತೋರಿಸಿ, ಚೀಟಿ ಇಟ್ಕೊಳ್ಳಿ.

9. ರಿಪೋರ್ಟ್ ಬಂದ ಮೇಲೆ

ಪ್ರತಿ ತಗೊಳ್ಳಿ. ತನಿಖೆ ನಡೀವಾಗ ಕೊಡದೇ ಇರಬಹುದು, ಮುಗಿದ ಮೇಲೆ ಮಾಹಿತಿ ಹಕ್ಕಲ್ಲಿ ಕೇಳಿ. ಓದುವಾಗ ಕಾರಣ ಹುಡುಕಿ, ತೀರ್ಮಾನ ಅಲ್ಲ. ಯಾವ ದಾಖಲೆ ನೋಡಿದ್ರು ಅಂತ ಪಟ್ಟಿ ಇದೆಯಾ? ನರ್ಸ್ ನೋಟ್ಸ್ ಅದರಲ್ಲಿ ಇದೆಯಾ? ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೆಯಾ?

ನಿಮ್ಮ ವಿರುದ್ಧ ಬಂದ್ರೆ ಅಲ್ಲಿಗೆ ಮುಗೀಲಿಲ್ಲ. ತಜ್ಞರ ಅಭಿಪ್ರಾಯ ಅಂದ್ರೆ ಅಭಿಪ್ರಾಯ ಅಷ್ಟೇ, ತೀರ್ಪು ಕೊಡೋದು ಕೋರ್ಟು, ಆಯೋಗ. ಆಕ್ಷೇಪಣೆ ಹಾಕಬಹುದು, ಬರೆದವರಿಗೆ ಪ್ರಶ್ನಾವಳಿ ಕಳಿಸೋಕೆ ಆಯೋಗವನ್ನ ಕೇಳಬಹುದು, ನಿಮ್ಮ ಕಡೆಯ ತಜ್ಞರ ಅಫಿಡವಿಟ್ ಕೊಡಬಹುದು. ಇನ್ನೊಂದು ಮಾತು, ಪೊಲೀಸ್ ಕೇಸಲ್ಲಿ "ಗಂಭೀರ ನಿರ್ಲಕ್ಷ್ಯ ಇಲ್ಲ" ಅಂತ ಬಂದ ರಿಪೋರ್ಟನ್ನ ಆಸ್ಪತ್ರೆ ಕಡೆಯವರು ಗ್ರಾಹಕರ ಆಯೋಗದಲ್ಲಿ "ನಿರ್ಲಕ್ಷ್ಯವೇ ಇಲ್ಲ" ಅನ್ನೋ ಹಾಗೆ ತೋರಿಸಬಹುದು. ಎರಡೂ ಒಂದಲ್ಲ ಅಂತ ನಿಮ್ಮ ವಕೀಲರು ಹೇಳ್ಲೇಬೇಕು, ಹೇಳದಿದ್ರೆ ನೀವು ನೆನಪಿಸಿ. ಜಿಲ್ಲಾ ಆಯೋಗದ ಆದೇಶ ಒಪ್ಪಿಗೆ ಇಲ್ಲ ಅಂದ್ರೆ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ.

10. ವಕೀಲರಿಗೆ ದುಡ್ಡಿಲ್ಲ ಅಂದ್ರೆ

ಮಡಿಕೇರಿ ಕೋರ್ಟಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ, ಅಂದ್ರೆ ಎರವ, ಜೇನುಕುರುಬ ಕುಟುಂಬಗಳಿಗೆ ಇದು ಪೂರ್ತಿ ಅನ್ವಯ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಇದೆ. ತೋಟದ ಮಾಲೀಕರಾಗಿದ್ದು ಇದನ್ನ ಓದ್ತಿದ್ರೆ ನಿಮ್ಮ ಲೈನ್ ಮನೆಯವರಿಗೆ ದಯವಿಟ್ಟು ತಿಳಿಸಿ, ಅವರಿಗೆ ಬೇರೆ ಯಾರೂ ಹೇಳಲ್ಲ. ಕಾನೂನು ನೆರವಿನ ಫೋನ್ 15100, ಗ್ರಾಹಕರ ಸಹಾಯವಾಣಿ 1915.

ಹೋಗುವಾಗ ಆಧಾರ್, ಕಾಲಾನುಕ್ರಮದ ಹಾಳೆ, ದಾಖಲೆಗಳ ಎರಡು ಸೆಟ್ ಜೆರಾಕ್ಸ್, ಅರ್ಜಿ ಕಳಿಸಿದ ರಸೀದಿ ತಗೊಂಡು ಹೋಗಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಕೇಳಿದ್ರೆ ತೋರಿಸಿ ವಾಪಸ್ ಇಟ್ಕೊಳ್ಳಿ. ಮಳೆಗಾಲ ಆದ್ರೆ ಫೈಲನ್ನ ಪ್ಲಾಸ್ಟಿಕ್ ಕವರ್ ಒಳಗಿಡಿ, ಥರ್ಮಲ್ ಪೇಪರ್ ಮೇಲಿನ ಬಿಲ್ಲು ಬೇಗ ಅಳಿಸಿ ಹೋಗುತ್ತೆ, ಅದನ್ನ ಇವತ್ತೇ ಜೆರಾಕ್ಸ್ ಮಾಡಿಸಿ.